ಮಾಹಿಮ್‌ನ ಗೋಡೆಯಲ್ಲಿ ಒಂದು ಬಿಳಿ ಜಾಗ

ನಮ್ಮದು ಮುಂಬಯಿಯ ಮಾಹಿಮ್‌ನಲ್ಲಿ ನಡೆಯುವ ಸಣ್ಣ ಕನ್ನಡ ಕ್ಲಾಸು. ಭಾನುವಾರ ಬೆಳಗ್ಗೆ ನಮ್ಮ ವಸತಿ ಸೊಸೈಟಿಯ ಹಾಲ್‌ನಲ್ಲಿ ಹದಿನಾಲ್ಕು ಮಕ್ಕಳು ಸೇರುತ್ತಾರೆ. ಅಪ್ಪ ಅಮ್ಮಂದಿರು ಉಡುಪಿ, ಗಂಗೊಳ್ಳಿ, ಕಾರವಾರ, ವಿಜಯಪುರ ಅಂತ ಎಲ್ಲೆಲ್ಲಿಂದಲೋ ಬಂದವರು. ಮಕ್ಕಳು ಮಾತ್ರ ಇಲ್ಲೇ ಹುಟ್ಟಿದವರು. ನಾನು ಕುಮಟಾದವಳು. ವಾರದ ದಿನಗಳಲ್ಲಿ ಒಂದು ಶಾಲೆಯಲ್ಲಿ ಡ್ರಾಯಿಂಗ್ ಹೇಳಿಕೊಡುತ್ತೇನೆ, ಭಾನುವಾರ ಅ ಆ ಇ ಈ.

ಒಂದು ಭಾನುವಾರ ಕಾಗುಣಿತ ಬರೆಸಿ ಬರೆಸಿ ಎಲ್ಲರಿಗೂ ಸಾಕಾಗಿತ್ತು. "ಇವತ್ತು ಚಿತ್ರ ಬಿಡಿಸಿ. ನಮ್ಮ ಮನೆ ಹಿಂದಿನ ಸಮುದ್ರ" ಎಂದೆ. ನಮ್ಮ ಸೊಸೈಟಿಯಿಂದ ಸಮುದ್ರಕ್ಕೆ ನಡೆದರೆ ಐದು ನಿಮಿಷ ಅಷ್ಟೇ.

ಹಾಳೆಗಳನ್ನು ನೆಲದ ಮೇಲೆ ಹರಡಿ ನೋಡಿದೆ. ಎಲ್ಲವೂ ನೀಲಿ. ಗಾಢ ನೀಲಿ ನೀರು, ಕಿತ್ತಳೆ ಬಣ್ಣದ ಮೇಲೆ ಬಿಳಿ ಪಟ್ಟಿಯ ಮೀನು, ಗುಲಾಬಿ ಹವಳ, ಮೇಲೆ ಹಾರುತ್ತಿರುವ ಡಾಲ್ಫಿನ್. ಚೆನ್ನಾಗಿಯೇ ಬರೆದಿದ್ದರು. ಆದರೆ ಅದರಲ್ಲಿ ಮಾಹಿಮ್ ಎಲ್ಲೂ ಇರಲಿಲ್ಲ. "ನಮ್ಮ ಸಮುದ್ರ ಹೀಗಿದೆಯಾ?" ಎಂದು ಕೇಳಿದೆ. ಏಳು ವರ್ಷದ ಒಬ್ಬಳು ತಲೆ ಎತ್ತಿ ಹೇಳಿದಳು: "ನಮ್ಮ ಸಮುದ್ರ ಗಟಾರ, ಟೀಚರ್. ಅದರಲ್ಲಿ ಏನೂ ಇರಲ್ಲ."

ಆ ಮಾತು ನನ್ನನ್ನು ಬಿಡಲಿಲ್ಲ. ಮಗುವನ್ನು ದೂರುವ ಹಾಗೂ ಇರಲಿಲ್ಲ. ಬಾಂದ್ರಾ ಕೋಟೆಯಿಂದ ವರ್ಲಿ ಕೋಟೆಯವರೆಗೆ ಬಾಗಿರುವ ಈ ಮಾಹಿಮ್ ಕೊಲ್ಲಿಗೆ ಮಿಠಿ ನದಿ ಬಂದು ಸೇರುತ್ತದೆ. ವಿಹಾರ್, ಪೊವೈ ಕೆರೆಗಳಿಂದ ಹೊರಟ ನೀರು ದಾರಿಯುದ್ದಕ್ಕೂ ಊರಿನ ಕೊಳೆಯನ್ನೆಲ್ಲ ಹೊತ್ತು ತರುತ್ತದೆ. ದಂಡೆಯಲ್ಲಿ ಪ್ಲಾಸ್ಟಿಕ್ ರಾಶಿ. ಮೇಲೆ 2009ರಲ್ಲಿ ಬಂದ ಸೀ ಲಿಂಕ್. ಜನ ಸೇತುವೆಯನ್ನು ನೋಡುತ್ತಾರೆ, ಕೆಳಗೆ ನೋಡುವುದಿಲ್ಲ. ಹನ್ನೊಂದು ವರ್ಷದಿಂದ ಇಲ್ಲಿದ್ದೇನೆ. ನಾನೂ ಕೆಳಗೆ ನೋಡಿರಲಿಲ್ಲ.

ಮೊದಲು ನಾನು ಕಲಿಯಬೇಕಿತ್ತು. 2017ರಲ್ಲಿ ಶುರುವಾದ ಮರೀನ್ ಲೈಫ್ ಆಫ್ ಮುಂಬೈ ಎಂಬ ಸ್ವಯಂಸೇವಕರ ಬಳಗವೊಂದಿದೆ. ಇಳಿತದ ಹೊತ್ತಿಗೆ ಜನರನ್ನು ದಂಡೆಗೆ ಕರೆದುಕೊಂಡು ಹೋಗಿ ಅಲ್ಲಿನ ಜೀವಿಗಳನ್ನು ತೋರಿಸುತ್ತಾರೆ. ಅವರ ಒಂದು ನಡಿಗೆಗೆ ಹೆಸರು ಕೊಟ್ಟೆ. ಹಾಜಿ ಅಲಿ ದರ್ಗಾ ಹತ್ತಿರ, ಕಪ್ಪು ಬಂಡೆಗಳ ಮೇಲೆ. ಹಿಂದೆ ವಾಹನಗಳ ಸದ್ದು, ಮುಂದೆ ಪಾದ ಮುಳುಗುವಷ್ಟು ನೀರು. ಬಂಡೆಯ ಮೇಲೆ ಹಸಿರು, ಕಂದು ಬಣ್ಣದ ಗುಂಡಿಗಳನ್ನು ಒತ್ತೊತ್ತಾಗಿ ಹೊಲಿದ ಹಾಗೆ ಏನೋ ಹಾಸಿತ್ತು. ಪಾಚಿ ಅಂದುಕೊಂಡು ಕಾಲಿಡುವುದರಲ್ಲಿದ್ದೆ. ಜೊತೆಗಿದ್ದ ಹುಡುಗ ತಡೆದ. ಅದು ಪಾಚಿಯಲ್ಲ, ಪ್ರಾಣಿ. ಝೋವಾಂಥಿಡ್ ಎಂದು ಹೆಸರು. ಹವಳದ ನೆಂಟರು. ನೀರು ಇಳಿದಾಗ ಒಂದೊಂದೂ ಬಾಯಿ ಮುಚ್ಚಿ ಕೂರುತ್ತದೆ, ನೀರು ಬಂದಾಗ ಹೂವಿನಂತೆ ಅರಳುತ್ತದೆ. ಕೆಲವು ಜಾತಿಗಳಲ್ಲಿ ಕಡು ವಿಷವೂ ಇರುತ್ತದೆ, ಹಾಗಾಗಿ ಮುಟ್ಟಬಾರದು.

ಹವಳವನ್ನೂ ಅಂದೇ ಕಂಡೆ. ನನಗೆ ಹವಳ ಅಂದರೆ ಅಜ್ಜಿಯ ಕೊರಳಿನ ಕೆಂಪು ಮಣಿ. ಆ ಕೆಂಪು ಹವಳ ಮೆಡಿಟರೇನಿಯನ್ ಸಮುದ್ರದ್ದು, ಜಾತಿಯೇ ಬೇರೆ. ಇಲ್ಲಿನದು ಬಂಡೆಗೆ ಅಂಟಿದ ಕಂದು ಬಣ್ಣದ ಉಬ್ಬು, ಮೇಲೆಲ್ಲ ಸಣ್ಣ ಸಣ್ಣ ನಕ್ಷತ್ರದ ಗುರುತು. ಯಾರೂ ತೋರಿಸದಿದ್ದರೆ ಕಲ್ಲು ಅಂತಲೇ ದಾಟಿ ಹೋಗುತ್ತಿದ್ದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಈ ಹವಳಕ್ಕೂ ಹುಲಿಗೂ ಒಂದೇ ಪಟ್ಟಿಯಲ್ಲಿ ಜಾಗ, ಗೊತ್ತಾ? ಕೋಸ್ಟಲ್ ರೋಡ್ ಕೆಲಸ ಶುರುವಾದಾಗ ಹಾಜಿ ಅಲಿ, ವರ್ಲಿಯ ಹವಳಗಳನ್ನು ಬಿಡಿಸಿ ಬೇರೆ ಕಡೆಗೆ ಸ್ಥಳಾಂತರ ಮಾಡಿದರು, ಕೆಲವನ್ನು ಕೊಲಾಬಾದ ನೇವಿ ನಗರದ ಕಡೆಗೆ.

ಮನೆಗೆ ಬಂದು ರಾತ್ರಿ ನಿದ್ದೆ ಬರಲಿಲ್ಲ. ಮಕ್ಕಳಿಗೆ ಇದನ್ನು ತೋರಿಸಲೇಬೇಕು ಅನ್ನಿಸಿತು. ಅಲ್ಲೇ ಒಂದು ನಿಯಮವನ್ನೂ ಮಾಡಿಕೊಂಡೆ. ಕಣ್ಣಾರೆ ಕಂಡಿದ್ದನ್ನು ಮಾತ್ರ ಬಿಡಿಸಬೇಕು. ಫೋನ್ ನೋಡಿ ಬಿಡಿಸುವ ಹಾಗಿಲ್ಲ.

ಮಕ್ಕಳನ್ನು ಕರೆದುಕೊಂಡು ಹೋಗುವುದು ಅಷ್ಟು ಸುಲಭವಲ್ಲ. ಮೊದಲ ಪ್ರಶ್ನೆ, ಯಾವ ದಿನ, ಎಷ್ಟು ಗಂಟೆಗೆ? ಮುಂಬಯಿಯಲ್ಲಿ ಉಬ್ಬರಕ್ಕೂ ಇಳಿತಕ್ಕೂ ಸುಮಾರು 5 ಮೀಟರ್‌ವರೆಗೆ ವ್ಯತ್ಯಾಸ ಬರುತ್ತದೆ. ನಮ್ಮ ಕುಮಟಾದಲ್ಲಿ ಇದರ ಅರ್ಧದಷ್ಟೂ ಇಲ್ಲ. ಹಾಗಾಗಿ ಇಲ್ಲಿ ನೀರು ಹಿಂದೆ ಸರಿದಾಗ ತುಂಬಾ ದೂರದವರೆಗೆ ಬಂಡೆ ತೆರೆದುಕೊಳ್ಳುತ್ತದೆ. ವಾಪಸ್ ಬರುವಾಗಲೂ ಅಷ್ಟೇ ಬೇಗ ಏರುತ್ತದೆ. ಲೆಕ್ಕ ತಪ್ಪಿದರೆ ಅಪಾಯ.

ಲೆಕ್ಕ ಹೇಳಿಕೊಟ್ಟವರು ನಮ್ಮ ಕ್ಲಾಸಿನ ಒಬ್ಬ ಹುಡುಗನ ಅಜ್ಜ. ಗಂಗೊಳ್ಳಿಯವರು. ಹದಿನಾರನೇ ವಯಸ್ಸಿಗೆ ಮುಂಬಯಿಗೆ ಬಂದು ಸಸೂನ್ ಡಾಕ್‌ನಿಂದ ಹೊರಡುವ ಬೋಟುಗಳಲ್ಲಿ ಕೆಲಸ ಮಾಡಿದವರು. ನಾನು ಫೋನಿನಲ್ಲಿ ಇಳಿತದ ಪಟ್ಟಿ ಹುಡುಕುತ್ತಿದ್ದೆ. ಅಜ್ಜ ಗೋಡೆಯ ಮೇಲಿದ್ದ ಕಾಲನಿರ್ಣಯ ಕ್ಯಾಲೆಂಡರಿನ ಕಡೆ ಕೈ ತೋರಿಸಿದರು.

"ಅದ್ ಎಂತಕೆ? ತಿಥಿ ಎಷ್ಟನೇದ್ ಅಂದೇಳಿ ಕಾಣಿ. ಅದ್ರ್ ಮುಕ್ಕಾಲ್ ಮಾಡಿ. ಅದೇ ಉಬ್ಬರದ್ ಗಂಟೆ."

ಅಷ್ಟಮಿ ಎಂದರೆ ಎಂಟು. ಎಂಟರ ಮುಕ್ಕಾಲು ಆರು. ಆರು ಗಂಟೆಗೆ ಉಬ್ಬರ. ಹುಣ್ಣಿಮೆಗೆ ಹದಿನೈದರ ಮುಕ್ಕಾಲು, ಅಂದರೆ ಹನ್ನೊಂದೂ ಕಾಲು. ಅಲ್ಲಿಂದ ಆರು ಗಂಟೆ ಚಿಲ್ಲರೆ ಕಳೆದರೆ ಇಳಿತ. ಅಜ್ಜ ಇದನ್ನು ಜೊತೆಗಿದ್ದ ಕೋಳಿ ಎಂಬ ಸಮುದಾಯದ ಮೀನುಗಾರರಿಂದ ಕಲಿತದ್ದಂತೆ. ಕೊಂಕಣದ ದಂಡೆಯ ಉದ್ದಕ್ಕೂ ಈ ಲೆಕ್ಕ ಇದೆ. ಫೋನಿನ ಪಟ್ಟಿಗೆ ಹೋಲಿಸಿ ನೋಡಿದೆವು. ಅರ್ಧ ಮುಕ್ಕಾಲು ಗಂಟೆ ಹಿಂದೆ ಮುಂದೆ ಆಯಿತು, ಅಷ್ಟೇ. ಅವತ್ತಿನ ಕ್ಲಾಸು ಪೂರ್ತಿ ಅದರಲ್ಲೇ ಹೋಯಿತು. ಪಾಡ್ಯ, ಬಿದಿಗೆ, ತದಿಗೆ, ಚೌತಿ. ಎರಡು ವರ್ಷದಿಂದ ಬಾಯಿಪಾಠ ಮಾಡಿಸಲು ಆಗದ ತಿಥಿಗಳ ಹೆಸರನ್ನು ಮಕ್ಕಳು ಒಂದೇ ಬೆಳಗ್ಗೆ ಕಲಿತರು. ಸಮುದ್ರಕ್ಕೆ ಹೋಗಬೇಕಾದರೆ ಅದು ಬೇಕು, ಅಲ್ವಾ? ನಡಿಗೆಯ ದಿನದ ಗಂಟೆಯನ್ನು ಮಾತ್ರ ನಾನು ಪಟ್ಟಿ ನೋಡಿಯೇ ಗಟ್ಟಿ ಮಾಡಿಕೊಳ್ಳುತ್ತಿದ್ದೆ.

ಮೊದಲ ನಡಿಗೆ ಕಾರ್ತಿಕ ಹುಣ್ಣಿಮೆಯ ಮಾರನೇ ಸಂಜೆ, ಬಾಂದ್ರಾ ಬ್ಯಾಂಡ್‌ಸ್ಟ್ಯಾಂಡ್‌ನ ಬಂಡೆಗಳ ಮೇಲೆ. ನಮ್ಮ ಕೊಲ್ಲಿಯ ಉತ್ತರದ ತುದಿ ಅದು. ಮೂರು ಮಕ್ಕಳಿಗೆ ಒಬ್ಬ ದೊಡ್ಡವರು. ಎಲ್ಲರ ಕಾಲಿಗೂ ಹಿಡಿತ ಇರುವ ಶೂ. ಇಳಿತಕ್ಕೆ ಒಂದು ಗಂಟೆ ಮುಂಚೆ ಇಳಿಯುವುದು, ನೀರು ತಿರುಗಿದ ಕೂಡಲೇ ಹತ್ತುವುದು. ಯಾವುದನ್ನೂ ಮುಟ್ಟುವುದಿಲ್ಲ. ಕಲ್ಲು ಎತ್ತಿದರೆ ಹೇಗಿತ್ತೋ ಹಾಗೇ ಮೆಲ್ಲಗೆ ಇಡುವುದು, ಅದು ಕೆಳಗಿರುವವರ ಮನೆಯ ಮಾಡು. ಈ ಕೊನೆಯ ಮಾತು ಮಕ್ಕಳಿಗೆ ಚೆನ್ನಾಗಿ ಹಿಡಿಸಿತು.

ಮೊದಲ ಹತ್ತು ನಿಮಿಷ ಏನೂ ಕಾಣಲಿಲ್ಲ. ಕಪ್ಪು ಕಲ್ಲು, ಕವರು, ಹರಿದ ಚಪ್ಪಲಿ. "ನೋಡಿ, ನಾನು ಹೇಳಿದ್ನಲ್ಲ" ಎಂದಳು ಆ ಏಳು ವರ್ಷದವಳು. ಎಲ್ಲರನ್ನೂ ಒಂದೊಂದು ಗುಂಡಿಯ ಪಕ್ಕ ಕೂರಿಸಿದೆ. ಬಂಡೆಯ ಸಂದಿನಲ್ಲಿ ಬಕೆಟ್‌ನಷ್ಟು ನೀರು ನಿಂತಿರುತ್ತದಲ್ಲ, ಅಂಥ ಗುಂಡಿಗಳು. ಐದು ನಿಮಿಷ ಮಾತಿಲ್ಲ, ಅಲುಗಾಟವಿಲ್ಲ, ಸುಮ್ನೆ ನೋಡುವುದು.

ಎರಡನೇ ನಿಮಿಷಕ್ಕೆ ಒಂದು ಶಂಖ ನಡೆಯತೊಡಗಿತು. ಅದರ ಕೆಳಗೆ ಕಾಲುಗಳು. ಸನ್ಯಾಸಿ ಏಡಿ. ಆಮೇಲೆ ಕಲ್ಲಿನ ಬಣ್ಣದ್ದೇ ಒಂದು ಸಣ್ಣ ಮೀನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಕ್ಕನೆ ಹೋಯಿತು. ಬಂಡೆಗೆ ಅಂಟಿದ ಬಾರ್ನಕಲ್‌ಗಳು ನೀರಿನಡಿ ಬಾಗಿಲು ತೆರೆದು ಗರಿಯಂಥ ಏನನ್ನೋ ಬೀಸುತ್ತಿದ್ದವು. ಅವು ಕಾಲುಗಳು. ಬಾರ್ನಕಲ್ ಮರಿಯಾಗಿದ್ದಾಗ ಈಜಾಡುತ್ತದೆ. ಒಮ್ಮೆ ಜಾಗ ಹಿಡಿಸಿದರೆ ತಲೆಯನ್ನು ಬಂಡೆಗೆ ಅಂಟಿಸಿಕೊಂಡು, ಸುತ್ತ ಸುಣ್ಣದ ಮನೆ ಕಟ್ಟಿಕೊಂಡು, ಉಳಿದ ಆಯಸ್ಸೆಲ್ಲ ಕಾಲಿನಿಂದ ಊಟ ಬಳಿದುಕೊಳ್ಳುತ್ತದೆ. ಇದನ್ನು ಕೇಳಿ ಮಕ್ಕಳು ನಕ್ಕಿದ್ದು ನೋಡಬೇಕಿತ್ತು. ಐದು ನಿಮಿಷ ಮುಗಿದರೂ ಯಾರೂ ಏಳಲಿಲ್ಲ. ಗಟಾರ ಎಂದಿದ್ದವಳನ್ನು ಎಬ್ಬಿಸಲು ಅವಳ ಅಮ್ಮ ಎರಡು ಸಲ ಕರೆಯಬೇಕಾಯಿತು.

ಮುಂದಿನ ಭಾನುವಾರ ಬಣ್ಣ ಬೆರೆಸಿದೆವು. ಹಾಲ್‌ಗೆ ಎರಡು ಬಾಟಲಿ ಸಮುದ್ರದ ನೀರು ತಂದು ಕಿಟಕಿಯ ಬೆಳಕಿಗೆ ಇಟ್ಟೆ. ಈ ಬಣ್ಣ ಬರಬೇಕು, ನೀಲಿ ಟ್ಯೂಬ್ ಮಾತ್ರ ಪೆಟ್ಟಿಗೆಯಲ್ಲೇ ಇರಲಿ ಎಂದೆ. ಗೋಧಿ ಬಣ್ಣಕ್ಕೆ ಚೂರು ಕಪ್ಪು, ಚೂರು ಹಸಿರು, ಕೊನೆಗೆ ಒಂದು ತೊಟ್ಟು ಹಳದಿ. ಎರಡು ಗಂಟೆ ಬೇಕಾಯಿತು. ಬೆರೆಸುತ್ತಾ ಬೆರೆಸುತ್ತಾ ಮಾತು ಬಂತು. ನೀರು ಯಾಕೆ ಹೀಗೆ? ಎಲ್ಲವೂ ಕೊಳಕಲ್ಲ. ನದಿಗಳು ತರುವ ಹೂಳು, ಉಬ್ಬರ ಇಳಿತದ ಸೆಳೆತಕ್ಕೆ ದಿನಾ ಕದಡುವ ಕೆಸರು, ಅದರಲ್ಲಿ ಕಣ್ಣಿಗೆ ಕಾಣದ ಕೋಟಿ ಜೀವಿಗಳು. ಬಾರ್ನಕಲ್, ಕಲ್ವ, ಬಳಚಿನಂಥ ಚಿಪ್ಪಿನ ಜೀವಿಗಳೆಲ್ಲವೂ ಆ ಕದಡಿದ ನೀರನ್ನು ಸೋಸಿಯೇ ಬದುಕುವುದು. ಆದರೆ ಚರಂಡಿಯ ವಾಸನೆಯೂ ನಿಜ, ಪ್ಲಾಸ್ಟಿಕ್ಕೂ ನಿಜ. ಯಾವುದು ಕೆಸರು, ಯಾವುದು ಕೊಳಕು ಎಂದು ಬೇರೆ ಬೇರೆಯಾಗಿ ನೋಡುವುದು ದೊಡ್ಡವರಿಗೂ ಕಷ್ಟ. ಮಕ್ಕಳು ಅದನ್ನು ಬಣ್ಣದಲ್ಲೇ ಬೇರ್ಪಡಿಸಿದರು. ಕೆಸರಿಗೆ ಬೆಚ್ಚಗಿನ ಕಂದು, ಗಟಾರದ ನೀರಿಗೆ ತಣ್ಣಗಿನ ಬೂದು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಈಗ ನನ್ನಿಂದಾದ ಒಂದು ತಪ್ಪನ್ನು ಬರೆಯಬೇಕು. ಇಂಥ ಕೆಲಸ ಮಾಡಲು ಹೊರಡುವವರಿಗೆ ಇದು ಗೊತ್ತಿರಬೇಕು. ಎರಡನೇ ನಡಿಗೆಗೆ ಜುಹೂ ಮರಳಿಗೆ ಹೋಗಿದ್ದೆವು. ಚಿಪ್ಪು ಅಂಟಿಸಿ ಚಿತ್ರ ಮಾಡೋಣ ಎಂದು ನಾನೇ ಹೇಳಿ ಎಲ್ಲರ ಕೈಗೂ ಚೀಲ ಕೊಟ್ಟೆ. ಖಾಲಿ ಚಿಪ್ಪು ತಾನೇ, ಯಾರಿಗೇನು ನಷ್ಟ ಎಂದುಕೊಂಡಿದ್ದೆ. ಎರಡು ಕಿಲೋ ಆದವು. ಹದಿನೈದು ದಿನ ಬಿಟ್ಟು ಮತ್ತೆ ಬ್ಯಾಂಡ್‌ಸ್ಟ್ಯಾಂಡ್‌ಗೆ ಹೋದಾಗ ಒಬ್ಬ ಹುಡುಗ ನನ್ನನ್ನು ಕರೆದ. ಒಂದು ಸನ್ಯಾಸಿ ಏಡಿ, ಅದರ ಶಂಖದ ಒಂದು ಬದಿ ಒಡೆದಿದೆ. ಒಳಗಿನ ಮೆತ್ತನೆಯ ಮೈ ಹೊರಗೆ ಕಾಣುತ್ತಿದೆ. ಈ ಏಡಿಗೆ ಹಿಂಭಾಗದಲ್ಲಿ ಗಟ್ಟಿ ಚಿಪ್ಪೇ ಇಲ್ಲ. ಸತ್ತ ಬಸವನಹುಳುವಿನ ಶಂಖ ಸಿಕ್ಕಿದರೆ ಮಾತ್ರ ಅದಕ್ಕೆ ಮನೆ. ಬೆಳೆದಂತೆ ದೊಡ್ಡದು ಹುಡುಕಬೇಕು.

ಹುಡುಗ ಕೇಳಿದ: "ನಾವು ತಗೊಂಡು ಹೋದ್ವಲ್ಲ, ಅದು ಇವರ ಮನೆಗಳಾ?"

ನನಗೆ ಉತ್ತರ ಕೊಡಲು ಆಗಲಿಲ್ಲ. ಹೌದು ಎಂದೆ. ಮಾರನೇ ವಾರ ಚೀಲವನ್ನು ಹಾಗೇ ಹೊತ್ತು ಜುಹೂಗೆ ಹೋದೆವು. ಎಲ್ಲಿಂದ ತಂದಿದ್ದೆವೋ ಅಲ್ಲೇ, ನೀರಿನ ಅಂಚಿಗೆ, ಒಂದೊಂದಾಗಿ ಇಟ್ಟು ಬಂದೆವು. ಅಂದಿನಿಂದ ನಾವು ಏನನ್ನೂ ತರುವುದಿಲ್ಲ. ಪೆನ್ಸಿಲ್, ಪುಸ್ತಕ ಒಯ್ಯುತ್ತೇವೆ, ಬಿಡಿಸಿಕೊಂಡು ಬರುತ್ತೇವೆ.

ಆ ಸಂಜೆ ಜುಹೂ ನಮಗೆ ಇನ್ನೊಂದನ್ನು ಕೊಟ್ಟಿತು. ಇಳಿತದ ಒದ್ದೆ ಮರಳಿನ ಮೇಲೆ ಸಾಸಿವೆಗಿಂತ ಸ್ವಲ್ಪ ದೊಡ್ಡ ಮರಳಿನ ಉಂಡೆಗಳು. ಸಾವಿರಾರು. ನಡುವೆ ಒಂದು ತೂತು, ಅದರ ಸುತ್ತ ಗೆರೆಗೆರೆಯಾಗಿ ಉಂಡೆಗಳ ಸಾಲು. ಬೆರಳಿನ ಉಗುರಿನಷ್ಟಿರುವ ಮರಳು ಏಡಿಗಳ ಕೆಲಸ. ಮರಳನ್ನು ಬಾಯಿಗೆ ಹಾಕಿಕೊಂಡು, ತಿನ್ನುವಂಥದ್ದನ್ನು ಸೋಸಿ, ಉಳಿದ ಮರಳನ್ನು ಉಂಡೆ ಮಾಡಿ ಹಿಂದಕ್ಕೆ ಬಿಸಾಡುತ್ತವೆ. ಉಬ್ಬರ ಬಂದರೆ ಎಲ್ಲ ಅಳಿಸಿಹೋಗುತ್ತದೆ, ಮುಂದಿನ ಇಳಿತಕ್ಕೆ ಮತ್ತೆ ಶುರು.

"ಚುಕ್ಕಿ ರಂಗೋಲಿ!" ಎಂದು ಕೂಗಿದ್ದು ಕಾರವಾರದ ಅಜ್ಜಿಯೊಬ್ಬರು, ಮಕ್ಕಳಲ್ಲ. ಮೊಮ್ಮಗಳ ಜೊತೆ ಸುಮ್ಮನೆ ಗಾಳಿಗೆಂದು ಬಂದಿದ್ದರು. ಸೀರೆ ಎತ್ತಿ ಕಟ್ಟಿ ಅಲ್ಲೇ ಕೂತು ಎಣಿಸತೊಡಗಿದರು. ಮುಂದಿನ ಭಾನುವಾರ ಹಾಲ್‌ನ ಮುಂದೆ ರಂಗೋಲಿ ಹೇಳಿಕೊಟ್ಟವರು ಅವರೇ. ಏಡಿಯ ಗೆರೆಗಳನ್ನು ನೋಡಿ ಚುಕ್ಕಿ ಇಟ್ಟರು, ನಡುವೆ ತೂತು ಬಿಟ್ಟರು. ಲಿಫ್ಟಿಗೆ ಹೋಗುವವರೆಲ್ಲ ನಿಂತು ಕೇಳಿದರು. ಕೇಳಿದವರಿಗೆಲ್ಲ ಮಕ್ಕಳು ಮರಳು ಏಡಿಯ ಕಥೆ ಹೇಳಿದರು, ಕನ್ನಡದಲ್ಲಿ, ಹಿಂದಿಯಲ್ಲಿ, ಮರಾಠಿಯಲ್ಲಿ. ಸೊಸೈಟಿಯ ಉಳಿದ ಜನ ನಮ್ಮ ಕೆಲಸದೊಳಗೆ ಬಂದದ್ದು ಆ ರಂಗೋಲಿಯಿಂದ. ನಾನು ಹಂಚಿದ್ದ ನೋಟಿಸ್ ಯಾರೂ ಓದಿರಲಿಲ್ಲ.

ಮಾರ್ಚ್‌ನಲ್ಲಿ ಸೊಸೈಟಿಯವರು ಸಮುದ್ರದ ದಾರಿಗೆ ಮುಖ ಮಾಡಿದ ಕಾಂಪೌಂಡ್ ಗೋಡೆಯನ್ನು ಕೊಟ್ಟರು. ಅಕ್ರಿಲಿಕ್ ಬಣ್ಣ ತಂದು ಮೂರು ವಾರ ಬಿಡಿಸಿದೆವು. ಚೆಂದ ಬಂದಿತ್ತು. ಜೂನ್ ಬಂತು, ಮಳೆ ಬಂತು. ಆಗಸ್ಟ್ ಹೊತ್ತಿಗೆ ಬಣ್ಣ ಹಪ್ಪಳದ ಹಾಗೆ ಉಬ್ಬಿ ಎದ್ದಿತು. ಒಂದು ಬೆಳಗ್ಗೆ ನೋಡಿದರೆ ಸನ್ಯಾಸಿ ಏಡಿಯ ಅರ್ಧ ಭಾಗ ನೆಲದ ಮೇಲೆ ಚೂರಾಗಿ ಬಿದ್ದಿತ್ತು. ಸಮುದ್ರದ ಪಕ್ಕದ ಹಳೆ ಗೋಡೆಗಳಲ್ಲಿ ಉಪ್ಪು ಮತ್ತು ತೇವ ಒಳಗೇ ಇರುತ್ತದೆ. ಅಕ್ರಿಲಿಕ್ ಪ್ಲಾಸ್ಟಿಕ್‌ನ ಪದರದ ಹಾಗೆ ಮೇಲೆ ಕೂರುತ್ತದೆ. ಹೊರಗೆ ಬರಲು ದಾರಿ ಸಿಗದ ಉಪ್ಪು ಹರಳುಗಟ್ಟಿ ಅದನ್ನು ತಳ್ಳುತ್ತದೆ. ಮಕ್ಕಳು ಅತ್ತರು. ನನಗೂ ತುಂಬಾ ನೋವಾಯಿತು.

ಗಣೇಶ ಚೌತಿಗೆ ಊರಿಗೆ ಹೋದೆ. ನಮ್ಮ ಕಡೆಯ ಹಳೆಯ ದೇವಸ್ಥಾನದ ಗೋಡೆಯನ್ನು ನೋಡುತ್ತಾ ನಿಂತಿದ್ದೆ. ಬಿಳಿಯ ಮೇಲೆ ಕೆಂಪು, ಕಾವಿ ಕಲೆ. ಕುಮಟಾ, ಅಂಕೋಲಾ, ಗೋವಾದವರೆಗೂ ಇರುವ ಕಲೆ ಅದು. ಎಷ್ಟು ಮಳೆಗಾಲ ಕಂಡಿದೆಯೋ ಆ ಗೋಡೆ. ಕರಾವಳಿಯ ಮಳೆ ಮುಂಬಯಿ ಮಳೆಗಿಂತ ಕಡಿಮೆಯದೇನಲ್ಲ. ಅದು ಯಾಕೆ ಉಳಿದಿದೆ, ನಮ್ಮದು ಯಾಕೆ ಉದುರಿತು?

ಕಾವಿ ಕಲೆಯಲ್ಲಿ ಬಣ್ಣ ಮೇಲೆ ಕೂರುವುದಿಲ್ಲ, ಗಾರೆಯ ಒಳಗೇ ಇರುತ್ತದೆ. ಗಾರೆ ಸುಣ್ಣದ್ದು, ಆ ಸುಣ್ಣ ಸಮುದ್ರದ ಚಿಪ್ಪು ಸುಟ್ಟು ಮಾಡಿದ್ದು. ಅದಕ್ಕೆ ತೊಳೆದ ಮರಳು, ಬೆಲ್ಲದ ನೀರು ಸೇರಿಸಿ ಎರಡು ವಾರ ಹುಳಿ ಬರಲು ಬಿಟ್ಟು, ಕುಟ್ಟಿ ಹದ ಮಾಡುತ್ತಾರೆ. ಗೋಡೆಗೆ ಬಿಳಿ ಗಾರೆ, ಅದರ ಮೇಲೆ ತೆಳ್ಳಗೆ ಕೆಂಪು ಮಣ್ಣಿನ ಪದರ. ಅದು ಹಸಿಯಾಗಿರುವಾಗಲೇ ಉಕ್ಕಿನ ಮೊನೆಯಿಂದ ಕೆಂಪನ್ನು ಕೆರೆಯಬೇಕು. ಒಳಗಿನ ಬಿಳಿ ಕಾಣುತ್ತದೆ. ಅದೇ ಚಿತ್ರ. ಸುಣ್ಣದ ಗಾರೆ ಉಸಿರಾಡುತ್ತದೆ, ತೇವವನ್ನು ಹೊರಗೆ ಬಿಡುತ್ತದೆ. ಚಿಕ್ಕಂದಿನಿಂದ ನೋಡಿದ ಗೋಡೆ. ಅದು ಚಿಪ್ಪಿನಿಂದ ಆದದ್ದು ಎಂದು ಯಾವತ್ತೂ ಯೋಚಿಸಿರಲಿಲ್ಲ. ಮುಂಬಯಿಗೆ ಬರುವಾಗ ಎರಡು ಚೀಲ ಚಿಪ್ಪು ಸುಣ್ಣ, ಒಂದು ಚೀಲ ಕೆಂಪು ಮಣ್ಣು ಬಸ್ಸಿನಲ್ಲಿ ಹಾಕಿಸಿಕೊಂಡು ಬಂದೆ.

ಚಿಪ್ಪಿನ ಸುಣ್ಣ ಎಂದ ಕೂಡಲೇ ಆ ಹುಡುಗ ಮತ್ತೆ ಕೇಳಿದ. ಹಾಗಾದರೆ ಏಡಿಗಳ ಮನೆ ಸುಟ್ಟಿದ್ದಾ? ಒಳ್ಳೆಯ ಪ್ರಶ್ನೆ. ಏಡಿಗೆ ಬೇಕಾದದ್ದು ಸುರುಳಿ ಶಂಖ, ಸುಣ್ಣಕ್ಕೆ ಹೋಗುವುದು ಹೆಚ್ಚಾಗಿ ಹೊಳೆಯ ಅಳಿವೆಯಲ್ಲಿ ಸಿಗುವ ಎರಡು ಹೋಳಿನ ಬಳಚಿನಂಥ ಚಿಪ್ಪು ಎಂದೆ. ಅದನ್ನೂ ಮಿತಿ ಮೀರಿ ತೆಗೆದರೆ ಹೊಳೆಗೆ ಕೇಡು ಎಂದೂ ಹೇಳಿದೆ. ಆದ್ದರಿಂದ ದೊಡ್ಡ ಗೋಡೆ ಬೇಡ, ಆರು ಅಡಿ ಅಗಲ ನಾಲ್ಕು ಅಡಿ ಎತ್ತರದ ಒಂದು ಚೌಕ ಸಾಕು ಎಂದು ತೀರ್ಮಾನವಾಯಿತು. ಮಕ್ಕಳೇ ಅಳತೆ ಹಾಕಿದರು.

ಮೊದಲ ಸಲ ಗಾರೆ ಪೂರ್ತಿ ಬಿರುಕು ಬಿಟ್ಟಿತು. ನಾನು ಹೆಚ್ಚು ಪುಸ್ತಕ ಓದಿದ್ದೆ, ಗಾರೆ ಕೆಲಸ ಮಾಡಿರಲಿಲ್ಲ. ವಿಜಯಪುರದ ಮೇಸ್ತ್ರಿಯೊಬ್ಬರ ಮಗಳು ನಮ್ಮ ಕ್ಲಾಸಿಗೆ ಬರುತ್ತಾಳೆ. ಅವರು ಸಂಜೆ ಕೆಲಸ ಮುಗಿಸಿ ಬಂದು ಗೋಡೆ ಮುಟ್ಟಿ ನೋಡಿದರು.

"ಅಕ್ಕೋರ, ಲಗೂನ ಒಣಗೇತ್ರಿ ಇದು. ಕೆಳಗ ಸಿಮೆಂಟ್ ಐತಿ, ಅದು ಸುಣ್ಣಾನ ಹಿಡ್ಯೂದಿಲ್ಲ."

ಅವರೇ ಆ ಚೌಕದಷ್ಟು ಸಿಮೆಂಟನ್ನು ಕೆತ್ತಿ ತೆಗೆದು ಇಟ್ಟಿಗೆ ಕಾಣುವಂತೆ ಮಾಡಿದರು. ಮರಳು ಸ್ವಲ್ಪ ಜಾಸ್ತಿ ಹಾಕಿಸಿದರು. ಒದ್ದೆ ಗೋಣಿ ತೂಗುಹಾಕಿ ನಾಲ್ಕು ದಿನ ನೀರು ಚಿಮುಕಿಸಿದರು. ಕೂಲಿ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಸುಣ್ಣ ಕೈ ಮತ್ತು ಕಣ್ಣನ್ನು ಸುಡುತ್ತದೆ. ಹಾಗಾಗಿ ಕಲಸುವ ಕೆಲಸ ದೊಡ್ಡವರದ್ದೇ. ಮಕ್ಕಳಿಗೆ ಕೈಗವಸು, ಕಣ್ಣಿಗೆ ಕನ್ನಡಕ, ಕೈಯಲ್ಲಿ ಗೀರಲು ಮೊಳೆ.

ಏನನ್ನು ಗೀರಬೇಕು ಎಂಬ ತಯಾರಿ ಹಾಳೆಯ ಮೇಲೆ ನಡೆದಿತ್ತು. ಒಂದು ಭಾನುವಾರ ಆ ಹಾಳೆಗಳನ್ನು ಹಾಲ್‌ನಲ್ಲಿ ಹಗ್ಗಕ್ಕೆ ತೂಗುಹಾಕಿ ಎಲ್ಲರನ್ನೂ ಕರೆದೆವು. ನಮಗೆ ಮೀನು ತರುವ, ಕೋಳಿ ಮೀನುಗಾರರ ಕೇರಿಯಾದ ಕೋಳಿವಾಡೆಯ ಮಾವಶಿಯೂ (ಮರಾಠಿಯಲ್ಲಿ ಚಿಕ್ಕಮ್ಮ) ಬುಟ್ಟಿ ಹೊರಗಿಟ್ಟು ಬಂದರು. ಏಡಿಯ ಚಿತ್ರದ ಮುಂದೆ ನಿಂತು ತಲೆ ಅಲ್ಲಾಡಿಸಿದರು. ಮೊದಲನೆಯದಾಗಿ ಕಾಲು ಕಡಿಮೆ. ಕೊಂಡಿ ಸೇರಿಸಿ ಹತ್ತು ಇರಬೇಕು, ಇಲ್ಲಿ ಎಂಟಿತ್ತು. ಆಮೇಲೆ ಗಂಡೋ ಹೆಣ್ಣೋ ಎಂದು ಕೇಳಿದರು. ಯಾರಿಗೂ ಗೊತ್ತಿಲ್ಲ. ಹೊರಗೆ ಹೋಗಿ ಬುಟ್ಟಿಯಿಂದ ಎರಡು ಚಿಂಬೋರಿ, ಅಂದರೆ ಏಡಿ, ತಂದು ಅಂಗಾತ ಹಿಡಿದರು. ಹೊಟ್ಟೆಯ ಮೇಲಿನ ಮಡಿಕೆ ಒಂದರಲ್ಲಿ ಅಗಲ, ಗುಮ್ಮಟದ ಹಾಗೆ. ಇನ್ನೊಂದರಲ್ಲಿ ಸಣ್ಣ, ಚೂಪು. "ಹೀ ಮಾದಿ, ಹಾ ನರ್" ಎಂದರು. ಹೆಣ್ಣು ಆ ಅಗಲದ ಮಡಿಕೆಯ ಕೆಳಗೆ ಮೊಟ್ಟೆ ಹೊರುತ್ತದೆ. ಮೊಟ್ಟೆ ಹೊತ್ತದ್ದು ಬಲೆಗೆ ಬಿದ್ದರೆ ತಮ್ಮ ಅತ್ತೆ ವಾಪಸ್ ಬಿಡಿಸುತ್ತಿದ್ದರಂತೆ. ಮಕ್ಕಳು ಸುತ್ತ ಕೂತು ಅಲ್ಲೇ ಹೊಸದಾಗಿ ಬಿಡಿಸಿದರು. ನಾನು ಆರು ತಿಂಗಳಲ್ಲಿ ಓದಿ ತಿಳಿದದ್ದಕ್ಕಿಂತ ಹೆಚ್ಚನ್ನು ಮಾವಶಿ ಹತ್ತು ನಿಮಿಷದಲ್ಲಿ ತೋರಿಸಿದರು. ಅವರನ್ನು ಮೊದಲೇ ಕರೆಯಬೇಕಿತ್ತು. ಮೀನಿನ ಬೆಲೆ ಬಿಟ್ಟು ಬೇರೇನನ್ನೂ ಅವರ ಹತ್ತಿರ ನಾವು ಕೇಳುವುದೇ ಇಲ್ಲವಲ್ಲ.

ಅಂದೇ ಹೆಸರಿನ ಹಾಳೆಯೂ ಶುರುವಾಯಿತು. ಏಡಿಗೆ ತುಳುವಿನಲ್ಲಿ ಡೆಂಜಿ, ಕೊಂಕಣಿಯಲ್ಲಿ ಕುರ್ಲಿ, ಮಾವಶಿಯ ಚಿಂಬೋರಿ. ನಮ್ಮ ಬಳಚಿಗೆ ಮಂಗಳೂರು ಕಡೆಯವರು ಮರುವಾಯಿ ಎಂದರು, ಮಾವಶಿ ತಿಸರ್‍ಯಾ ಎಂದರು. ಕಲ್ವಕ್ಕೆ ಮರಾಠಿಯಲ್ಲೂ ಕಾಲವ. ಅಡುಗೆಮನೆಗೆ ಬರುವವಕ್ಕೆಲ್ಲ ನಾಲ್ಕು ನಾಲ್ಕು ಹೆಸರು ಸಿಕ್ಕಿದವು. ತಿನ್ನಲು ಬಾರದವಕ್ಕೆ ಒಂದೂ ಇಲ್ಲ. ಝೋವಾಂಥಿಡ್‌ಗೆ ಏನೆನ್ನುವುದು? ಮಕ್ಕಳು ಜಗಳವಾಡಿ ಕೊನೆಗೆ ಗುಂಡಿಹೂವು ಎಂದು ಇಟ್ಟರು. ಈಗ ನಮ್ಮ ಓಣಿಯಲ್ಲಿ ಅದಕ್ಕೆ ಅದೇ ಹೆಸರು.

ಜನವರಿಯ ಎರಡು ದಿನಗಳಲ್ಲಿ ಗೋಡೆ ಗೀರಿದೆವು. ಕೆಂಪು ಪದರ ಒಣಗುವ ಮೊದಲು ಮುಗಿಯಬೇಕು, ಆದ್ದರಿಂದ ಒಂದೊಂದು ಅಡಿ ಹಚ್ಚಿ, ಅಷ್ಟನ್ನು ಗೀರಿ, ಮತ್ತೊಂದು ಅಡಿ. ಅಳಿಸಿ ತಿದ್ದುವ ಹಾಗಿಲ್ಲ. ಎಂಟು ವರ್ಷದ ಮಕ್ಕಳು ಉಸಿರು ಬಿಗಿಹಿಡಿದು ಗೆರೆ ಎಳೆಯುವುದನ್ನು ನೋಡುತ್ತಾ ನಿಂತೆ. ಒಂದು ಮೂಲೆಯಲ್ಲಿ ಮರಳು ಏಡಿಯ ಚುಕ್ಕಿಗಳು, ಅದನ್ನು ಮಾಡಿದ್ದು ಕಾರವಾರದ ಅಜ್ಜಿ ಮತ್ತು ಮೊಮ್ಮಗಳು. ನಡುವೆ ಮಡಿಕೆ ಕಾಣುವ ಹಾಗೆ ಅಂಗಾತ ಮಲಗಿದ ಹೆಣ್ಣು ಏಡಿ. ಗುಂಡು ತೂತಿರುವ ಒಂದು ಚಿಪ್ಪು. ಇನ್ನೊಂದು ಬಸವನಹುಳು ಕೊರೆದು ಒಳಗಿನದನ್ನು ತಿಂದ ಗುರುತು ಅದು. ಬಂಡೆಯ ಮೇಲೆ ಬೆಳ್ಳಕ್ಕಿ. ಕೆಳಗೆ ಗುಂಡಿಹೂವಿನ ಹಾಸು. ಒಂದು ಕಡೆ ಹರಿದ ಚಪ್ಪಲಿ, ಅದನ್ನೂ ಕಂಡಿದ್ದೆವಲ್ಲ, ಬಿಡುವ ಹಾಗಿರಲಿಲ್ಲ. ಮೇಲೆ ಅಂಚಿನುದ್ದಕ್ಕೂ ಪಾಡ್ಯದಿಂದ ಹುಣ್ಣಿಮೆಯವರೆಗೆ ಹದಿನೈದು ಚಂದ್ರರು, ಪ್ರತಿಯೊಂದರ ಕೆಳಗೂ ಉಬ್ಬರದ ಗಂಟೆ. ಗಂಗೊಳ್ಳಿ ಅಜ್ಜ ಕುರ್ಚಿ ಹಾಕಿಸಿಕೊಂಡು ಕೂತು ಒಂದೊಂದು ಅಂಕಿಯನ್ನೂ ಸರಿ ನೋಡಿದರು.

ನಡುವೆ ಅಂಗೈಯಗಲದ ಒಂದು ಜಾಗಕ್ಕೆ ಕೆಂಪು ಹಚ್ಚಲಿಲ್ಲ. ಅದು ಅಷ್ಟಪಾದಿಯ, ಅಂದರೆ ಆಕ್ಟೋಪಸ್‌ನ ಜಾಗ. ಮುಂಬಯಿಯ ಬಂಡೆಗಳಲ್ಲಿ ಅದು ಇದೆ, ಮಾವಶಿ ಎಷ್ಟೋ ಸಲ ಕಂಡಿದ್ದಾರೆ. ನಾವಿನ್ನೂ ಕಂಡಿಲ್ಲ. ಗಟಾರ ಎಂದಿದ್ದ ಹುಡುಗಿಗೆ ಈಗ ಎಂಟು ವರ್ಷ, ಅದನ್ನು ತಾನೇ ಗೀರಬೇಕು ಎಂದು ಹಟ. ಫೋಟೋ ನೋಡಿ ಗೀರಿಬಿಡಲಿ ಎಂದು ಸೊಸೈಟಿಯ ಒಬ್ಬರು ಹೇಳಿದರು. ಅವಳೇ ಒಪ್ಪಲಿಲ್ಲ.

ಈ ಮಳೆಗಾಲ ಗೋಡೆ ತಡೆದಿದೆ. ಕೆಳಗಿನ ಒಂದು ಮೂಲೆಯಲ್ಲಿ ಕೈಯಗಲ ಪಾಚಿ ಬಂದಿತ್ತು, ಮೆತ್ತನೆಯ ಬ್ರಷ್‌ನಲ್ಲಿ ಉಜ್ಜಿ ತೆಗೆದೆವು. ಶ್ರಾವಣದ ನಾರಳಿ ಹುಣ್ಣಿಮೆ ಕಳೆದು ಬೋಟುಗಳು ಹೊರಟಿವೆ. ಬಂಡೆಗಳು ಇನ್ನೂ ಜಾರುತ್ತವೆ, ನಮ್ಮ ನಡಿಗೆ ದೀಪಾವಳಿ ಅಮಾವಾಸ್ಯೆಗೆ. ಕಲಸಿದ ಗಾರೆಯಲ್ಲಿ ಸ್ವಲ್ಪ ಉಳಿಸಿ ಡಬ್ಬಿಯಲ್ಲಿ ಇಟ್ಟಿದ್ದೇನೆ. ಮೇಲೆ ನೀರು ನಿಂತಿದ್ದರೆ ಸುಣ್ಣ ಗಟ್ಟಿಯಾಗುವುದಿಲ್ಲ. ಭಾನುವಾರ ಕ್ಲಾಸು ಶುರುವಾಗುವ ಮೊದಲು ಅವಳು ಅಡುಗೆಮನೆಗೆ ಬಂದು ಮುಚ್ಚಳ ತೆಗೆದು ನೋಡುತ್ತಾಳೆ. ನೀರು ಇಳಿದಿದ್ದರೆ ನನ್ನನ್ನು ಕರೆಯುತ್ತಾಳೆ. ನಾನು ಒಂದು ಲೋಟ ಹಾಕುತ್ತೇನೆ.